ಕೊಟ್ಟಿಗೆಯ ಕೂಗು, ಪುಸ್ತಕದ ಮೌನ

ಮಕ್ಕಳನ್ನು ಮನೆಯಲ್ಲಿಯೇ ಇರಿಸಿಕೊಂಡು ಪಾಠ ಹೇಳುವವರು ನಮ್ಮಲ್ಲಿ ವಿರಳ. ದನಕರು ಸಾಕುವವರು ಹೇರಳ. ಈ ಎರಡನ್ನೂ ಒಂದೇ ಅಂಗಳದಲ್ಲಿ ಮಾಡಹೊರಟವರನ್ನು ಕಂಡಾಗ ಜನ ಎರಡು ಬಗೆಯ ಮಾತನ್ನಾಡುತ್ತಾರೆ. "ಎಂಥ ಪುಣ್ಯ, ಮಕ್ಕಳಿಗೆ ಪ್ರಕೃತಿಯೇ ಪಾಠಶಾಲೆ" ಎನ್ನುವವರು ಕೆಲವರು. "ಸಗಣಿ ಬಾಚಿಸುವುದಕ್ಕೆ ಮಕ್ಕಳನ್ನು ಶಾಲೆ ಬಿಡಿಸಿದ್ದಾರೆ" ಎನ್ನುವವರು ಮತ್ತೆ ಕೆಲವರು. ಒಂಬತ್ತು ವರ್ಷಗಳಿಂದ ಈ ಎರಡೂ ಮಾತುಗಳನ್ನು ಕೇಳುತ್ತ ಬಂದಿರುವ ನಮಗೆ ಎರಡರಲ್ಲಿಯೂ ಅರ್ಧರ್ಧ ಸತ್ಯವಿದೆಯೆಂದು ತೋರಿದೆ. ಯಾವ ಅರ್ಧವನ್ನು ಬೆಳೆಸುವುದು, ಯಾವುದನ್ನು ತಡೆಯುವುದು ಎಂಬುದೇ ನಮ್ಮ ಬದುಕಿನ ನಿತ್ಯದ ಪ್ರಶ್ನೆಯಾಗಿರುವುದರಿಂದ, ಈ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದವರು ಕೇಳಿದಾಗ ಅದನ್ನೇ ಬರೆಯುವುದೆಂದು ನಿಶ್ಚಯಿಸಿದೆವು.

ನಾವಿರುವುದು ನೀಲಗಿರಿಯ ಸೋಲೂರಿನಲ್ಲಿ. ಉದಕಮಂಡಲದಿಂದ ಗೂಡಲೂರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ಹೊರಳಿದರೆ ಚಹಾ ತೋಟ, ಕ್ಯಾರೆಟ್ಟು ಆಲೂಗಡ್ಡೆಗಳ ಮೆಟ್ಟಿಲು ಹೊಲ, ನಡುನಡುವೆ ಬಡಗರ ಹಟ್ಟಿಗಳು, ಹುಲ್ಲುಗಾವಲಿನ ಮಗ್ಗುಲಲ್ಲಿ ತೋಡರ ಮಂದುಗಳು. ಬೆಟ್ಟದ ಅಂಚಿಗೆ ನಿಂತರೆ ಕೆಳಗೆ ಮಸಿನಗುಡಿಯ ಬಯಲು, ಮೋಯಾರಿನ ಕಮರಿ, ಅದರಾಚೆಗೆ ಕರ್ನಾಟಕದ ಬಂಡೀಪುರದ ಕಾಡು. ನಮ್ಮಿಬ್ಬರಲ್ಲಿ ಒಬ್ಬರ ಮನೆತನ ತಲೆಮಾರುಗಳಿಂದ ಈ ಬೆಟ್ಟದ ಮೇಲಿನದು, ಮನೆಮಾತು ಬಡಗ. ಇನ್ನೊಬ್ಬರ ತವರು ಗುಂಡ್ಲುಪೇಟೆಯ ಕಡೆ, ಮನೆಮಾತು ಕನ್ನಡ. ಮಕ್ಕಳು ಆರು ಜನ. ಹಿರಿಯವಳಿಗೆ ಹದಿನೈದು, ಕಿರಿಯವಳಿಗೆ ನಾಲ್ಕು. ಒಂದೂವರೆ ಎಕರೆ ಚಹಾ ಇದೆ. ಉಳಿದಂತೆ ಸಂಸಾರ ಸಾಗುವುದು ಕೊಟ್ಟಿಗೆಯಿಂದ.

ಮನೆಪಾಠವನ್ನು ನಾವು ಯಾವ ಶಾಲೆಯ ಮೇಲಿನ ಮುನಿಸಿನಿಂದಲೂ ಆರಂಭಿಸಲಿಲ್ಲ. ಮಳೆಗಾಲದಲ್ಲಿ ಮಂಜು ಕವಿದ ತಿರುವುಗಳಲ್ಲಿ ಪುಟ್ಟ ಮಕ್ಕಳು ಬಸ್ಸಿಗಾಗಿ ಕಾಯುವ ಹೊತ್ತು, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಬೇರೆ ಬೇರೆ ದಿಕ್ಕಿಗೆ ಕಳಿಸುವ ವೆಚ್ಚ, ಇವು ಒಂದು ಕಡೆ. ಇನ್ನೊಂದು ಕಡೆ ಕನ್ನಡ. ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ಶಾಲೆಗಳಲ್ಲಿ ತಮಿಳು ಕಡ್ಡಾಯ. ಅದು ನ್ಯಾಯವೇ, ಇಲ್ಲಿ ಬದುಕುವ ಮಗು ತಮಿಳು ಕಲಿಯಲೇಬೇಕು. ಆದರೆ ನಮ್ಮ ಕೈಗೆಟುಕುವ ಶಾಲೆಗಳಲ್ಲಿ ತಮಿಳು, ಇಂಗ್ಲಿಷುಗಳ ನಡುವೆ ಕನ್ನಡದ ಅಕ್ಷರಕ್ಕೆ ಸ್ಥಳವಿರಲಿಲ್ಲ. ಹೆತ್ತೆಯೊಡನೆ, ಎಂದರೆ ಅಜ್ಜಿಯೊಡನೆ, ಬಡಗದಲ್ಲಿ ಹರಟುವ ಮಕ್ಕಳು ಕನ್ನಡದ ಪುಸ್ತಕವೊಂದನ್ನು ಬಿಡಿಸಿ ಓದಲಾರದೆ ಬೆಳೆದರೆ ಗುಂಡ್ಲುಪೇಟೆಯ ತಾತನ ಕಪಾಟು ಅವರ ಪಾಲಿಗೆ ಮುಚ್ಚಿಯೇ ಉಳಿಯುತ್ತದೆಂಬುದು ನಮ್ಮ ಚಿಂತೆಯಾಗಿತ್ತು.

ಕಾನೂನಿನ ವಿಷಯವನ್ನೂ ಹೇಳಬೇಕು. ಕೇಳುವವರು ಮೊದಲು ಕೇಳುವುದು ಅದನ್ನೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿ ನೀಡಿದೆ. ಅದರ 10ನೆಯ ಪ್ರಕರಣ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ಪಾಲಕರಿಗೆ ದಂಡನೆಯನ್ನು ವಿಧಿಸುವುದಿಲ್ಲ. ಮನೆಪಾಠದ ಬಗ್ಗೆ ಮಾತೆತ್ತುವುದೂ ಇಲ್ಲ. ಆ ಮೌನದ ನೆರಳಿನಲ್ಲಿಯೇ ನಮ್ಮಂಥವರು ಬದುಕುತ್ತಿದ್ದೇವೆ. ಕಲಿತದ್ದಕ್ಕೆ ಮುದ್ರೆ ಬೇಕಾದಾಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಹದಿನಾಲ್ಕು ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಹೆಸರು ಕೊಡಬಹುದು. ವರ್ಷಕ್ಕೆರಡು ಬಾರಿ ಪರೀಕ್ಷೆ. ಐದು ವಿಷಯಗಳನ್ನು ಒಮ್ಮೆಗೇ ಬರೆಯಬೇಕೆಂದಿಲ್ಲ, ಐದು ವರ್ಷಗಳೊಳಗೆ ಒಂದೊಂದಾಗಿ ಮುಗಿಸಬಹುದು. ಕನ್ನಡವನ್ನು ಭಾಷಾವಿಷಯವಾಗಿ ತೆಗೆದುಕೊಳ್ಳಲೂ ಅವಕಾಶವುಂಟು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮತ್ತೊಂದು ಕಾಯಿದೆ. ಬಾಲಕಾರ್ಮಿಕ ನಿಷೇಧ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದಾಗ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಕಸುಬುಗಳಲ್ಲಿಯೂ ನಿಷೇಧಿಸಲಾಯಿತು. ಒಂದು ವಿನಾಯಿತಿ ಉಳಿಯಿತು: ಅಪಾಯವಿಲ್ಲದ ಕೆಲಸವಾದರೆ ಮಗು ತನ್ನ ಕುಟುಂಬದ ಉದ್ಯೋಗದಲ್ಲಿ ನೆರವಾಗಬಹುದು, ಆದರೆ ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಶಾಲೆಗೆ ಹೋಗುವ ಮಗುವಿಗೆ ಆ ಅವಧಿ ಯಾವುದೆಂಬುದನ್ನು ಶಾಲೆಯ ಗಂಟೆ ಹೇಳುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಹೇಳುವವರು ಯಾರು? ಅಪ್ಪ ಅಮ್ಮಂದಿರೇ ಮೇಷ್ಟರು, ಅವರೇ ಯಜಮಾನರು. ಪಾಠ ಮುಗಿಯಿತೆಂದು ಸಾರುವವರೂ ಅವರೇ, ಹುಲ್ಲು ತಾರೆಂದು ಕಳಿಸುವವರೂ ಅವರೇ. ಈ ಎರಡು ಅಧಿಕಾರಗಳು ಒಂದೇ ಕೈಯಲ್ಲಿರುವುದರ ಅಪಾಯವನ್ನು ದನ ಸಾಕುವವರು ಮೊದಲು ಅರಿಯಬೇಕು.

ಏಕೆಂದರೆ ದನ ಕೂಗುತ್ತದೆ, ಪುಸ್ತಕ ಕೂಗುವುದಿಲ್ಲ. ಕೆಚ್ಚಲು ತುಂಬಿದ ಹಸು ಹೊತ್ತು ಮೀರಿದರೆ ಇಡೀ ಹಟ್ಟಿಗೆ ಕೇಳುವಂತೆ ಒರಲುತ್ತದೆ. ಮತ್ತೂ ತಡವಾದರೆ ಕೆಚ್ಚಲು ಬಾವು ಬಂದು ಹಾಲಿನ ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿಯೇ ಅದರ ಫಲ ಕಾಣಿಸುತ್ತದೆ. ಓದದೆ ಬಿಟ್ಟ ಪಾಠ ಯಾವ ಸದ್ದನ್ನೂ ಮಾಡುವುದಿಲ್ಲ. ಇಂದು ಬಿಟ್ಟರೆ ನಾಳೆ, ನಾಳೆ ಬಿಟ್ಟರೆ ಸೋಮವಾರ. ಅದರ ಫಲ ಕಾಣಿಸಿಕೊಳ್ಳುವುದು ಹತ್ತು ವರ್ಷಗಳ ಅನಂತರ, ತುಂಬಲಾಗದ ಹಳ್ಳವಾಗಿ. ಆದಕಾರಣ ಕೂಗಲಾರದ ಪುಸ್ತಕದ ಪರವಾಗಿ ಕೂಗುವುದು ತಂದೆತಾಯಿಗಳ ಕೆಲಸವೆಂಬುದು ನಮ್ಮ ನಂಬಿಕೆ.

ಈ ನಂಬಿಕೆಯಂತೆ ನಾವು ಮಾಡಿಕೊಂಡ ಮೊದಲ ನಿಯಮ ಬಹಳ ಸರಳವಾದುದು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಯಾವ ಮಗುವೂ ಕೊಟ್ಟಿಗೆಗೆ ಕಾಲಿಡುವಂತಿಲ್ಲ, ನಾವೂ ಕರೆಯುವಂತಿಲ್ಲ. ನಸುಕಿನ ಹಾಲು ಕರೆಯುವುದು ನಮ್ಮಿಬ್ಬರದೇ ಹೊಣೆ. ಹತ್ತು ವರ್ಷ ದಾಟಿದ ಮಕ್ಕಳು ಸರದಿಯಂತೆ ಅರ್ಧ ಗಂಟೆ ಜೊತೆಗೆ ಬರುತ್ತಾರೆ: ಕರು ಬಿಡುವುದು, ಹಿಂಡಿ ಬೂಸಾ ಕಲಸುವುದು, ಕ್ಯಾನು ತೊಳೆಯುವುದು. ಸಂಜೆಯ ಕೆಲಸ ಎಲ್ಲರದು. ಮೇಯಿಸಲು ಯಾವ ಮಗುವನ್ನೂ ಒಂಟಿಯಾಗಿ ಕಳಿಸುವುದಿಲ್ಲ. ಚಹಾ ಗಿಡಗಳ ನಡುವೆ ಕಾಟಿ ಮಲಗಿರುವ, ಇಳಿಹೊತ್ತಿಗೆ ಚಿರತೆ ಸುಳಿದಾಡುವ ಊರು ನಮ್ಮದು. ಕರು ಹಾಕಿದಾಗ ಮಾಸನ್ನು ಮುಟ್ಟುವುದು ಮಕ್ಕಳ ಕೆಲಸವಲ್ಲ. ದನದಿಂದ ಮನುಷ್ಯರಿಗೆ ಹರಡುವ ಕಂದುರೋಗದಂಥ ಕಾಯಿಲೆಗಳುಂಟು.

ಎರಡನೆಯ ನಿಯಮ ಪಂಚಾಂಗಕ್ಕೆ ಸಂಬಂಧಿಸಿದ್ದು. ಶಾಲೆಗಳ ರಜೆ ಬೇಸಿಗೆಯಲ್ಲಿ. ನಮಗೆ ಅದು ಹೊಂದುವುದಿಲ್ಲ. ಡಿಸೆಂಬರು ಜನವರಿಯಲ್ಲಿ ಇಲ್ಲಿ ಹಿಮ ಬೀಳುತ್ತದೆ. ಬೆಳಗಾಗುವಾಗ ಬೆಳ್ಳಗೆ ಹೊಳೆಯುವ ಕಿಕುಯು ಹುಲ್ಲು ಬಿಸಿಲೇರಿದ ಮೇಲೆ ಸುಟ್ಟಂತೆ ಕಂದುತ್ತದೆ. ಅಲ್ಲಿಂದ ಮುಂದೆ ಬೇಸಿಗೆ ಮಳೆ ಬೀಳುವತನಕ ಮೇವಿನದೇ ಪರದಾಟ. ಆ ದಿನಗಳಲ್ಲಿ ಮಧ್ಯಾಹ್ನದ ಪಾಠಗಳನ್ನು ನಿಲ್ಲಿಸುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತದ ಮಳೆ ಗಾಳಿಗಳು ಹೊರಗೆ ತಲೆ ಹಾಕಲು ಬಿಡದಿರುವಾಗ ಮನೆಯೊಳಗೆ ಕೆಂಡದ ಸುತ್ತ ಕುಳಿತು ದಿನಕ್ಕೆ ಆರು ಗಂಟೆ ಓದು. ನಮ್ಮ ಶಾಲಾ ವರ್ಷವನ್ನು ಮಳೆ ಆರಂಭಿಸುತ್ತದೆ, ಹಿಮ ಮುಗಿಸುತ್ತದೆ.

ಕೊಟ್ಟಿಗೆ ಕಲಿಸುವುದೇ ಇಲ್ಲವೆಂದು ಇದರಿಂದ ಅರ್ಥವಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳೇ ಗುರುತು ಹಾಕುತ್ತಾರೆ: ಕೋಳಿ ಕಾವಿಗೆ ಕೂತರೆ 21 ದಿನ, ಕುರಿಗೆ ಗಬ್ಬ ಕಟ್ಟಿದರೆ ಸುಮಾರು 150, ಹಸುವಿಗೆ 280, ಎಮ್ಮೆಗೆ 310ರ ಆಸುಪಾಸು. ಕೂಡುವ ಕಳೆಯುವ ಲೆಕ್ಕವನ್ನು ಏಳು ವರ್ಷದವನು ಕಲಿತದ್ದು ಹೀಗೆ. ಹಾಲಿಗೆ ಬೆಲೆ ಕಟ್ಟುವುದು ಕೊಬ್ಬಿನಂಶ ಮತ್ತು ಇತರ ಘನಾಂಶಗಳ ಮೇಲೆ. ಆಗ ತಾನೆ ಕರೆದ ಬೆಚ್ಚನೆಯ ಹಾಲಿನಲ್ಲಿ ಲ್ಯಾಕ್ಟೋಮೀಟರು ಹೆಚ್ಚು ಮುಳುಗುತ್ತದೆ, ತಣಿದ ಮೇಲೆ ಅದೇ ಹಾಲಿನಲ್ಲಿ ಮೇಲೇಳುತ್ತದೆ. ನೀರು ಬೆರೆಸದೆಯೇ ಹೀಗಾಗುವುದೇಕೆಂದು ಹದಿಮೂರರ ಮಗ ಎರಡು ದಿನ ತಲೆ ಕೆಡಿಸಿಕೊಂಡು, ಶಾಖಕ್ಕೆ ದ್ರವ ಹಿಗ್ಗಿದರೆ ಸಾಂದ್ರತೆ ಕುಗ್ಗುವುದೆಂದು ತಾನೇ ಕಂಡುಕೊಂಡ. ಹತ್ತಿರದಲ್ಲಿಯೇ ಸ್ಯಾಂಡಿನಲ್ಲಾದ ಕುರಿ ತಳಿ ಸಂಶೋಧನಾ ಕೇಂದ್ರವಿದೆ. ನಯವಾದ ಉಣ್ಣೆಯ ನೀಲಗಿರಿ ಕುರಿ ಅಲ್ಲಿ ಉಳಿದುಬಂದ ತಳಿ. ಕೊಯಮತ್ತೂರಿನ ಕುರಿಯೊಡನೆ ಟಾಸ್ಮೇನಿಯದ ಮೆರಿನೋ, ಚೆವಿಯಟ್, ಸೌತ್‌ಡೌನ್ ತಳಿಗಳು ಬೆರೆತು ಹುಟ್ಟಿದ್ದು. ಆ ಹೆಸರುಗಳನ್ನು ಭೂಪಟದಲ್ಲಿ ಹುಡುಕುತ್ತ ಹುಡುಕುತ್ತ ಮಕ್ಕಳು ಆಸ್ಟ್ರೇಲಿಯದ ದಕ್ಷಿಣದ ದ್ವೀಪಕ್ಕೂ ಸ್ಕಾಟ್ಲೆಂಡಿನ ಗಡಿಗುಡ್ಡಗಳಿಗೂ ಹೋಗಿಬಂದರು. ನಮ್ಮ ಕುರಿಯ ಮೈಮೇಲೆ ಒಂದು ಸಾಮ್ರಾಜ್ಯದ ಚರಿತ್ರೆಯೇ ಇದೆಯೆಂದು ಅವರಿಗೆ ತಿಳಿದದ್ದು ಹಾಗೆ.

ಭಾಷೆಯ ಪಾಠವೂ ಅಲ್ಲಿಯೇ ದೊರೆಯಿತು. ಸೊಸೈಟಿಯಲ್ಲಿ ತಮಿಳಿನಲ್ಲಿ 'ಪಾಲ್' ಎನ್ನುತ್ತಾರೆ. ಹೆತ್ತೆ ಬಡಗದಲ್ಲಿ 'ಹಾಲು' ಎನ್ನುತ್ತಾಳೆ. ನಾವು ಕನ್ನಡದಲ್ಲಿ 'ಹಾಲು' ಎನ್ನುತ್ತೇವೆ. ಪಂಪನ ಕಾಲದ ಕನ್ನಡದಲ್ಲಿಯೂ ಅದು 'ಪಾಲ್' ಎಂದೇ ಇತ್ತೆಂದು ತಿಳಿಸಿದಾಗ ಹನ್ನೊಂದರ ಮಗಳು ಬೆರಗಾದಳು. ಪುಲ್ ಹುಲ್ಲಾದದ್ದು, ಪುಲಿ ಹುಲಿಯಾದದ್ದು, ಪಂದಿ ಹಂದಿಯಾದದ್ದು ಒಂದೊಂದಾಗಿ ಅವಳ ಪಟ್ಟಿಗೆ ಸೇರಿದವು. ತಮಿಳರು ನಾಲಗೆ ಹೊರಳಿಸಿ 'ಕೋಳಿ' ಎನ್ನುವಾಗಿನ ಆ ವಿಚಿತ್ರ ಧ್ವನಿಗೆ ಹಳಗನ್ನಡದಲ್ಲಿಯೂ 'ೞ' ಎಂಬ ಅಕ್ಷರವಿದ್ದು ಕಾಲಕ್ರಮದಲ್ಲಿ ಬಿಟ್ಟುಹೋಯಿತೆಂದು ಬರೆದು ತೋರಿಸಿದೆವು. ಅಂದಿನಿಂದ ಅವಳಿಗೆ ಬಡಗವು ಕೆಳಮಾತಲ್ಲ, ತಮಿಳು ಪರಮಾತಲ್ಲ, ಕನ್ನಡ ಪುಸ್ತಕದ ಮಾತು ಮಾತ್ರವಲ್ಲ. ಒಂದೇ ಹಟ್ಟಿಯ ಮನೆಗಳವು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲ್ಯಾಕ್ಟೋಮೀಟರಿನ ಪಾಠ ಎರಡು ದಿನದ್ದು. ಕ್ಯಾನು ತೊಳೆಯುವುದು ವರ್ಷಕ್ಕೆ ಏಳುನೂರಮೂವತ್ತು ಬಾರಿ. ಮೊದಲ ಹತ್ತು ಸಲ ಸಗಣಿ ಬಾಚುವುದರಲ್ಲಿ ಕಲಿಕೆಯಿದೆ; ನೂರನೆಯ ಸಲ ಬಾಚುವುದು ಬರಿಯ ದುಡಿಮೆ. ದುಡಿಮೆಗೆ ಅದರದೇ ಘನತೆಯುಂಟು, ಮನೆಯ ಅನ್ನ ಉಣ್ಣುವವರು ಮನೆಯ ಕೆಲಸಕ್ಕೆ ಕೈ ಹಚ್ಚಲೇಬೇಕು. ಆದರೆ ಅದನ್ನು ಪಾಠವೆಂದು ಕರೆದು ಪಾಠದ ಹೊತ್ತನ್ನು ಅದಕ್ಕೆ ಕೊಡಬಾರದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣವೆಂಬ ವಿಚಾರವನ್ನು ದೇಶದ ಮುಂದಿಟ್ಟಾಗಲೂ ಮಕ್ಕಳ ಕೈದುಡಿಮೆಯ ದುರುಪಯೋಗವಾದೀತೆಂಬ ಆತಂಕ ಚರ್ಚೆಗೆ ಬಂದಿತ್ತು. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ಪ್ರಯೋಗಗಳನ್ನು ನಡೆಸಿದರು. ಅವರ ಮಗ, ಹುಲಿಗಳ ಅಧ್ಯಯನದಿಂದ ಹೆಸರಾದ ಉಲ್ಲಾಸ ಕಾರಂತರು, ಬಾಲ್ಯದ ಮೊದಲ ವರ್ಷಗಳಲ್ಲಿ ಮನೆಯಲ್ಲಿಯೇ ಕಲಿತವರು. ಆದರೆ ಅದೇ ಕಾರಂತರು ಮಕ್ಕಳನ್ನು ಮರಗಿಡಗಳ ನಡುವೆ ಬಿಟ್ಟರೆ ಸಾಕೆಂದು ಕೈಕಟ್ಟಿ ಕೂರಲಿಲ್ಲ. 1936ರಷ್ಟು ಹಿಂದೆಯೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿತ್ತರು. ಕಾಡೂ ಬೇಕು, ಪುಸ್ತಕವೂ ಬೇಕು.

ದೊಡ್ಡ ಸಂಸಾರದಲ್ಲಿ ಇನ್ನೊಂದು ತೊಡಕಿದೆ. ಆರು ಮಕ್ಕಳು, ಆರು ಹಂತ, ಪಾಠ ಹೇಳುವವರು ಇಬ್ಬರು. ಅವರಲ್ಲೊಬ್ಬರು ಬಹುಪಾಲು ಹೊತ್ತು ಹೊರಗೆ. ಬೆಟ್ಟದ ಕೆಳಗಿನ ಮೈಸೂರು ಸೀಮೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ'ಯ ಕ್ರಮ ನಮಗೆ ನೆರವಾಯಿತು: ತರಗತಿಯ ಗೋಡೆಯಿಲ್ಲ, ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು ಮುಂದೆ ಹೋಗುತ್ತದೆ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ನಮ್ಮ ಐಗಳ ಮಠಗಳ ಹಳೆಯ ಪದ್ಧತಿ. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠವೆಂಬ ಕ್ರಮವನ್ನು ರೂಪಿಸಿ 1797ರಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿಯೆಂದೇ ಹೆಸರಾಯಿತು. ಒಳ್ಳೆಯ ಪದ್ಧತಿಯೇ, ಹೇಳಿಕೊಡುವವನು ಎರಡು ಬಾರಿ ಕಲಿಯುತ್ತಾನೆ. ಆದರೆ ನಮ್ಮಂಥ ಮನೆಗಳಲ್ಲಿ ಈ ಹೊರೆ ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ಗಮನಿಸಬೇಕು. ಹಿರಿಯ ಮಗಳ ಹೆಗಲಿಗೆ. ಕಿರಿಯಳ ತಲೆ ಬಾಚುವವಳು ಅವಳು, ನಾಲ್ಕನೆಯವನ ಮಗ್ಗಿ ಒಪ್ಪಿಸಿಕೊಳ್ಳುವವಳು ಅವಳು, ಕರುವಿಗೆ ಗಿಣ್ಣು ಕುಡಿಸುವವಳೂ ಅವಳು. ಇಷ್ಟಾದ ಮೇಲೆ ಅವಳ ಬೀಜಗಣಿತಕ್ಕೆ ಉಳಿಯುವ ಹೊತ್ತೆಷ್ಟು?

ಈ ಲೆಕ್ಕವನ್ನು ಅವಳಿಗೆ ಹನ್ನೆರಡು ತುಂಬಿದ ವರ್ಷ ನಾವಿಬ್ಬರೂ ಕುಳಿತು ಹಾಕಿದೆವು. ಆಗ ಕೊಟ್ಟಿಗೆಯಲ್ಲಿ ಐದು ಹಸು, ಎರಡು ಎಮ್ಮೆ, ಇಪ್ಪತ್ತು ಕುರಿ. ಒಂದು ಹಾಲು ಕೊಡುವ ಹಸು ಮೇವು, ನೀರು, ಕರೆಯುವುದು, ತೊಳೆಯುವುದು ಎಲ್ಲ ಸೇರಿ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಕೇಳುತ್ತದೆ. ನಮ್ಮಿಬ್ಬರ ಗಂಟೆಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಮುಂದಿನದು ಅವಳ ಗಂಟೆ. ಎರಡು ಹಸು, ಒಂದು ಎಮ್ಮೆ, ಹನ್ನೆರಡು ಕುರಿಗಳನ್ನು ಮಾರಿದೆವು. ಹಾಲಿನ ಹಣ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು. ತಿಪ್ಪೆ ಗೊಬ್ಬರವನ್ನು ತರಕಾರಿ ಬೆಳೆಯುವವರಿಗೆ ಕೊಟ್ಟು, ನಮ್ಮಲ್ಲೊಬ್ಬರು ಲೆಕ್ಕ ಬರೆಯುವ ಕೆಲಸ ಹಿಡಿದು ಅದರಲ್ಲಿ ಸ್ವಲ್ಪವನ್ನು ತುಂಬಿಸಿಕೊಂಡೆವು. ನೆಂಟರು ನಕ್ಕರು. ಕರೆಯುವ ಹಸುವನ್ನು ಓದಿಗಾಗಿ ಮಾರುವುದುಂಟೇ ಎಂದರು. ಹೊಲ ಮಾರಿ ಮಕ್ಕಳನ್ನು ಓದಿಸಿದವರನ್ನು ಮೆಚ್ಚುವ ಸಮಾಜಕ್ಕೆ, ಹಸು ಮಾರಿ ಮಗಳಿಗೆ ಹೊತ್ತು ಕೊಳ್ಳುವುದು ಮಾತ್ರ ವಿಚಿತ್ರವಾಗಿ ಕಂಡಿತು.

ನೆಂಟರಿಗಿಂತ ಗಟ್ಟಿಯಾಗಿ ವಿರೋಧಿಸಿದವಳು ಅವಳೇ. ಅವಳ ಪಾಲಿಗೆ ಹಸು ಹೊರೆಯಲ್ಲ, ಅದು ಅವಳ ಕೈಯಲ್ಲಿ ಬೆಳೆದ ಜೀವ. ಕಳೆದ ವರ್ಷ ಅಕ್ಟೋಬರಿನ ಪರೀಕ್ಷೆಗೆ ಅವಳು ಹೆಸರು ಕೊಟ್ಟಾಗ ಅವಳೇ ಸಾಕಿದ ಕಡಸಿನ ಮೊದಲ ಕರುವಿನ ದಿನವೂ ಅದೇ ವಾರಕ್ಕೆ ಬಂದಿತು. ನಲವತ್ತು ದಿನ ಕೊಟ್ಟಿಗೆಯ ಕೆಲಸ ಬೇಡವೆಂದು ನಾವು ಹೇಳಿದೆವು. "ಪುಸ್ತಕ ನಾಳೆಯೂ ಇರುತ್ತದಪ್ಪ. ಕರು ನಾಳೆ ಮತ್ತೊಮ್ಮೆ ಹುಟ್ಟುವುದಿಲ್ಲ" ಎಂದಳು. ಅದಕ್ಕೆ ಉತ್ತರ ನಮ್ಮಲ್ಲಿ ಕೂಡಲೇ ಇರಲಿಲ್ಲ. ನಾವು ಹೊತ್ತನ್ನು ದುಡಿಮೆಯಿಂದ ಕಾಯುತ್ತಿದ್ದೆವು; ಅವಳು ಪ್ರೀತಿಯನ್ನು ಪರೀಕ್ಷೆಯಿಂದ ಕಾಯುತ್ತಿದ್ದಳು. ಕೊನೆಗೆ ಅವಳೇ ಒಂದು ವೇಳಾಪಟ್ಟಿ ಬರೆದು ತಂದಳು: ಐದು ವಿಷಯಗಳಲ್ಲಿ ಮೂರನ್ನು ಅಕ್ಟೋಬರಿನಲ್ಲಿ, ಗಣಿತ ವಿಜ್ಞಾನಗಳನ್ನು ಏಪ್ರಿಲ್‌ನಲ್ಲಿ, ಬೆಳಗಿನ ಮೂರು ಗಂಟೆಯ ಜೊತೆ ಮಧ್ಯಾಹ್ನದ ಎರಡು ಗಂಟೆ ಓದಿಗೆ, ಕಡಸಿಗೆ ನೋವು ಕಾಣಿಸಿಕೊಂಡರೆ ಯಾವ ಹೊತ್ತಾದರೂ ತನ್ನನ್ನು ಕರೆಯಬೇಕು. ಸಹಿ ಹಾಕಿಸಿಕೊಂಡು ಗೋಡೆಗೆ ಅಂಟಿಸಿದಳು. ಹೆಣ್ಣುಕರು ಹುಟ್ಟಿದ್ದು ರಾತ್ರಿ ಎರಡು ಗಂಟೆಗೆ, ಕನ್ನಡ ಪರೀಕ್ಷೆಗೆ ಮೂರು ದಿನ ಮುಂಚೆ. ಮೂರು ವಿಷಯಗಳಲ್ಲಿಯೂ ತೇರ್ಗಡೆಯಾಗಿದ್ದಾಳೆ. ಗಣಿತ ಅವಳಿಗೆ ಈಗಲೂ ಕಷ್ಟವೇ. ಏಪ್ರಿಲ್ ಏನನ್ನು ತರುವುದೋ ಕಾದು ನೋಡಬೇಕು.

ಕನ್ನಡ ಸಂಘದ ಸಂಚಿಕೆಯಲ್ಲಿ ಇಷ್ಟೆಲ್ಲ ಹೇಳಲು ಒಂದು ಕಾರಣವುಂಟು. ಎಲ್ಲ ಪಾಠಗಳೂ ಮೌನವಾದವೇ. ಆದರೆ ಅವುಗಳಲ್ಲಿ ಅತ್ಯಂತ ಮೌನವಾದುದು ಗಡಿಯಾಚೆಯ ಕನ್ನಡದ ಪಾಠ. ತಮಿಳನ್ನು ಬಸ್ಸು, ಸಂತೆ, ಪಂಚಾಯಿತಿ ಕಚೇರಿಗಳು ಕೇಳುತ್ತವೆ. ಇಂಗ್ಲಿಷನ್ನು ಉದ್ಯೋಗ ಕೇಳುತ್ತದೆ. ಬಡಗವನ್ನು ಹೆತ್ತೆ ಕೇಳುತ್ತಾಳೆ. ಕನ್ನಡದ ಅಕ್ಷರವನ್ನು ಈ ಬೆಟ್ಟದ ಮೇಲೆ ಯಾರೂ ಕೇಳುವುದಿಲ್ಲ. ಬಿಟ್ಟರೆ ಯಾವ ಕೆಲಸವೂ ನಿಲ್ಲುವುದಿಲ್ಲ. ಹೊರನಾಡಿನ ಎಷ್ಟೋ ಮನೆಗಳಲ್ಲಿ ಅದು ತಪ್ಪಿಹೋದದ್ದು ಅಸಡ್ಡೆಯಿಂದಲ್ಲ, ಬೇರೆಲ್ಲವೂ ಅದಕ್ಕಿಂತ ಗಟ್ಟಿಯಾಗಿ ಕೂಗಿದ್ದರಿಂದ. ಅಲ್ಲಿ ಹಸುವಿನ ಜಾಗದಲ್ಲಿ ಕಚೇರಿಯೋ ಟ್ಯೂಷನ್ನೋ ಇರುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ರಾತ್ರಿ ಊಟದ ಅನಂತರ ಅರ್ಧ ಗಂಟೆ ಕನ್ನಡ ಪುಸ್ತಕವನ್ನು ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ; ಹೆತ್ತೆಯೂ ಕೇಳುತ್ತಾಳೆ, ಅರ್ಥವಾಗದ ಪದಕ್ಕೆ ತಡೆದು ಬಡಗದ ಪದವೊಂದನ್ನು ಕೊಡುತ್ತಾಳೆ. ಆ ಅರ್ಧ ಗಂಟೆಯನ್ನು ಮುರಿಯಲು ಹಸು ಕರು ಹಾಕಬೇಕು, ಇಲ್ಲವೆ ಯಾರಿಗಾದರೂ ಜ್ವರ ಬರಬೇಕು.

ಈಗ ಆ ಹೆಣ್ಣುಕರುವಿನ ಪ್ರಶ್ನೆ ಬಂದಿದೆ. ಉಳಿಸಿಕೊಂಡರೆ ಎರಡು ಮೂರು ವರ್ಷಗಳಲ್ಲಿ ಕೊಟ್ಟಿಗೆಗೆ ಇನ್ನೊಂದು ಹಾಲಿನ ಹಸು. ಅದೇ ಹೊತ್ತಿಗೆ ಕಿರಿಯವಳು ಕಾಗುಣಿತ ತಿದ್ದುತ್ತಿರುತ್ತಾಳೆ. ಮಕ್ಕಳೆಲ್ಲರೂ ಉಳಿಸಿಕೊಳ್ಳೋಣವೆನ್ನುತ್ತಾರೆ, ಹೆತ್ತೆಯೂ ಅವರ ಪಕ್ಷ. ನಾವು ಒಂದೇ ಪ್ರಶ್ನೆಯನ್ನು ಅವರ ಮುಂದಿಟ್ಟಿದ್ದೇವೆ: ಅದು ಕೇಳುವ ಒಂದು ಗಂಟೆಯನ್ನು ಯಾರ ದಿನದಿಂದ ತೆಗೆಯುವುದು? ಹದಿಮೂರರ ಮಗ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕುತ್ತಿದ್ದಾನೆ. ಉತ್ತರ ಬರುವವರೆಗೆ ಕರುವಿಗೆ ಹೆಸರಿಡಬಾರದೆಂದು ತೀರ್ಮಾನವಾಗಿದೆ. ಆದರೆ ಕಿರಿಯವಳು ಅದನ್ನು ಗುಟ್ಟಾಗಿ ಏನೋ ಒಂದು ಹೆಸರಿನಿಂದ ಕರೆಯುತ್ತಿರುವುದು ನಮಗೆ ಗೊತ್ತಿದೆ.